ಕುರುಗೋಡು ಹತ್ತಿರವಾದ ಬಗೆ

ಸಾಲ ತೀರುತ್ತ ಬಂದಂತೆ ಮನುಷ್ಯನ ಮುಖ ಅರಳಬೇಕು ಎನ್ನುವುದು ಲೋಕರೂಢಿ. ತಲೆಯ ಮೇಲಿನ ಭಾರ ಇಳಿಯಿತು, ಇನ್ನು ಕಾಲು ಚಾಚಿ ಮಲಗುತ್ತೇನೆ ಎಂದು ಜನ ಹೇಳುವುದನ್ನು ನಾನೂ ಕೇಳಿದ್ದೇನೆ. ನನ್ನ ಕಥೆ ಮಾತ್ರ ಉಲ್ಟಾ. ಮನೆಸಾಲದಲ್ಲಿ ಒಂದೊಂದು ವರ್ಷ ಕಡಿಮೆಯಾದಾಗಲೂ ನನ್ನ ಎದೆ ಧಸಕ್ಕೆಂದಿದೆ, ಕಾಲು ತಾವಾಗಿಯೇ ನೋಯತೊಡಗಿವೆ. ಇದನ್ನು ಯಾರ ಮುಂದೆಯೂ ಹೇಳಿಕೊಳ್ಳುವಂತಿರಲಿಲ್ಲ. ಸಾಲ ಹೆಚ್ಚಾಯಿತೆಂದು ಅಳುವವನಿಗೆ ಸಮಾಧಾನ ಹೇಳಲು ಹತ್ತು ಜನ ಬರುತ್ತಾರೆ. ಸಾಲ ಬೇಗ ತೀರುತ್ತಿದೆ ಎಂದು ಅಳುವವನನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗುತ್ತಾರೆ. ಈಗ ಎಲ್ಲ ಮುಗಿದಿದೆ, ಅಂಗಾಲಿನ ಬೊಬ್ಬೆಗಳೂ ಒಣಗಿವೆ. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ.

ನಾನು ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮಕ್ಕಳಿಗೆ ಮನೆಯ ಚಿತ್ರ ಬಿಡಿಸುವುದನ್ನು ಕಲಿಸುತ್ತಲೇ ಅರ್ಧ ಆಯುಷ್ಯ ಕಳೆದವನು. ಒಂದು ಚೌಕ, ಅದರ ಮೇಲೊಂದು ತ್ರಿಕೋನ, ಪಕ್ಕದಲ್ಲಿ ಒಂದು ಮರ. ಎರಡು ನಿಮಿಷದಲ್ಲಿ ಗೃಹಪ್ರವೇಶ. ನಿಜವಾದ ಮನೆ ಕಟ್ಟಲು ಹೊರಟಾಗಲೇ ನನಗೆ ಚಿತ್ರಕಲೆಯ ಮಹತ್ವ ತಿಳಿದದ್ದು. ಬ್ಯಾಂಕಿನವರು ಆ ಕಾಗದ ತನ್ನಿ, ಈ ಕಾಗದ ತನ್ನಿ ಎಂದು ಮೂರು ತಿಂಗಳು ಓಡಾಡಿಸಿದರು. ತಂದ ಕಾಗದದ ಮೇಲೆ ಸಹಿ ಇದ್ದರೆ ಮೊಹರು ಇರುತ್ತಿರಲಿಲ್ಲ, ಮೊಹರು ಇದ್ದರೆ ಆ ಕಾಗದವೇ ಬೇಕಾಗಿರುತ್ತಿರಲಿಲ್ಲ. ಕೊನೆಗೆ ನನ್ನ ಅವ್ವ, "ನಿನ್ನ ಕೈಲೆ ಆಗೂದಲ್ಲ ಇದು, ಕುರುಗೋಡಿಗೆ ಹೋಗಿ ದೊಡ್ಡಬಸವಣ್ಣನ ಮುಂದ ಬೇಡ್ಕೋ" ಎಂದಳು. ಹೆಂಡತಿ ಗಿರಿಜಾ, ಆಗಿನ್ನೂ ಐದು ವರ್ಷದವಳಿದ್ದ ಮಗಳು ಸಹನಾ, ಅವ್ವ, ನಾನು, ಎಲ್ಲರೂ ಒಂದು ಸೋಮವಾರ ಬಸ್ಸು ಹತ್ತಿದೆವು.

ಕುರುಗೋಡಿನ ಬಸವಣ್ಣನನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಬೇರೆ ಗುಡಿಗಳಲ್ಲಿ ದೇವರನ್ನು ಕಾಣಲು ಕತ್ತು ಚಾಚಿ ಇಣುಕಬೇಕು. ಇಲ್ಲಿ ಕತ್ತು ಮೇಲೆತ್ತಿ ನೋಡಬೇಕು. ಒಂದೇ ಕಲ್ಲಿನ ಅಷ್ಟು ದೊಡ್ಡ ಬಸವಣ್ಣ ಎದುರಿಗೆ ಕುಳಿತಿರುವಾಗ ಐದು ತೆಂಗಿನಕಾಯಿ ಒಡೆಸುತ್ತೇನೆ ಎನ್ನಲು ನನಗೇ ನಾಚಿಕೆಯಾಯಿತು. ದೇವರ ಗಾತ್ರಕ್ಕೆ ತಕ್ಕ ಮಾತು ಬಾಯಿಂದ ಹೊರಟಿತು. "ಬಸವಣ್ಣಾ, ಸಾಲ ಮಂಜೂರಾಗಲಿ. ಆ ಸಾಲ ತೀರಿದ ವಾರವೇ ಬಳ್ಳಾರಿಯಿಂದ ನಿನ್ನ ಬಾಗಿಲತನಕ ನಡಕೊಂತ ಬರ್ತೀನಿ!" ಬರಿಗಾಲಿನಲ್ಲಿ ಎಂಬ ಮಾತೂ ನಾಲಿಗೆಯ ತುದಿಗೆ ಬಂದಿತ್ತು, ಹೇಗೋ ನುಂಗಿಕೊಂಡೆ.

ಇದು ಭಕ್ತಿಯ ಆವೇಶವೆಂದು ನೀವು ತಿಳಿದರೆ ನನ್ನನ್ನು ನೀವು ಬಲ್ಲವರಲ್ಲ. ಬಾಯಿ ಹರಕೆ ಹೊರುತ್ತಿರುವಾಗಲೇ ತಲೆ ಲೆಕ್ಕ ಹಾಕುತ್ತಿತ್ತು. ಸಾಲದ ಅವಧಿ ಇಪ್ಪತ್ತು ವರ್ಷ. ಆಗ ನನಗೆ ಮೂವತ್ತೆಂಟು. ಇಪ್ಪತ್ತು ವರ್ಷ ಕಳೆದ ಮೇಲೆ ನಾನು ನಿವೃತ್ತಿಯ ಅಂಚಿನಲ್ಲಿರುವ, ಮೊಣಕಾಲು ನೋವಿನ ಮುದುಕ. ಹತ್ತಿರ ಹತ್ತಿರ ಇಪ್ಪತ್ತೆಂಟು ಕಿಲೋಮೀಟರ್ ನಡೆಯೆಂದು ಅಂಥವನಿಗೆ ಯಾವ ದೇವರು ಹೇಳುತ್ತಾನೆ? ಹೂವು ಏರಿಸಿ ತಪ್ಪುಕಾಣಿಕೆ ಹಾಕಿದರೆ ಮುಗಿಯಿತು. ಒಟ್ಟಿನಲ್ಲಿ ನಾನು ಬಸವಣ್ಣನಿಗೆ ಇಪ್ಪತ್ತು ವರ್ಷ ಮುಂದಿನ ತಾರೀಖಿನ ಚೆಕ್ಕು ಬರೆದುಕೊಟ್ಟು ಆರಾಮಾಗಿ ಕೈ ಮುಗಿದೆ. ಪಕ್ಕದಲ್ಲಿ ಗಿರಿಜಾ ಕಣ್ಣು ಮುಚ್ಚಿ ಏನೋ ಪಿಸುಗುಡುತ್ತಿದ್ದಳು. ಏನೆಂದು ನಾನು ಕೇಳಲಿಲ್ಲ. ಹೆಂಗಸರು ದೇವರ ಮುಂದೆ ಏನಾದರೊಂದು ಪಿಸುಗುಡುತ್ತಲೇ ಇರುತ್ತಾರೆ.

ಎಂಟೇ ದಿನದಲ್ಲಿ ಸಾಲ ಮಂಜೂರಾಯಿತು. ಮನೆಯೂ ಆಯಿತು. ನಾನು ಹೊಸ ಮನೆಯ ಕಟ್ಟೆಯ ಮೇಲೆ ಕುಳಿತು, ಇಪ್ಪತ್ತು ವರ್ಷ ಎಂದರೆ ಎಷ್ಟು ದೊಡ್ಡ ಸಂಖ್ಯೆ ಎಂದು ಸುಖಪಡುತ್ತಿರುವಾಗ ಗಿರಿಜಾ ಹೊಲಿಗೆಯ ಮಷೀನಿಗೆ ಎಣ್ಣೆ ಬಿಡುತ್ತಿದ್ದಳು. ಬಳ್ಳಾರಿಯ ಜೀನ್ಸ್ ಪ್ಯಾಂಟುಗಳನ್ನು ದೇಶವೆಲ್ಲ ಹಾಕಿಕೊಳ್ಳುತ್ತದಂತೆ. ಆ ಪ್ಯಾಂಟುಗಳ ಜೇಬುಗಳು ಎಷ್ಟೋ ಮನೆಗಳ ಪಡಸಾಲೆಯಲ್ಲಿ ಹುಟ್ಟುತ್ತವೆ. ಗಿರಿಜಾ ಕಾರ್ಖಾನೆಯಿಂದ ಗಂಟುಗಟ್ಟಲೆ ತುಂಡುಗಳನ್ನು ತರಿಸಿ ಜೇಬು ಹೊಲಿಯತೊಡಗಿದಳು. ಊರವರ ಜೇಬು ಹೊಲಿದು ಬಂದ ದುಡ್ಡನ್ನು ನನ್ನ ಜೇಬಿಗೆ ಬೀಳಗೊಡದೆ, ವರ್ಷಕ್ಕೊಮ್ಮೆ ನೇರವಾಗಿ ಬ್ಯಾಂಕಿಗೆ ಒಯ್ದು ಕಟ್ಟಿದಳು. ಮ್ಯಾನೇಜರು, "ಕಂತು ಕಡಿಮೆ ಮಾಡೋಣವಾ ಮೇಡಂ? ತಿಂಗಳಾ ತಿಂಗಳಾ ಸ್ವಲ್ಪ ಹಗುರ ಆಗುತ್ತೆ" ಎಂದು ಕೇಳಿದರು. ನಾನು ತಲೆಯಾಡಿಸುವಷ್ಟರಲ್ಲಿ ಗಿರಿಜಾ, "ಕಂತು ಹಂಗಾ ಇರ್ಲಿರಿ ಸರ್. ವರ್ಷ ಕಡಿಮಿ ಮಾಡ್ರಿ" ಎಂದಳು. ಅವರು ಕಂಪ್ಯೂಟರಿನಲ್ಲಿ ಏನೋ ಒತ್ತಿದರು. ಕುರುಗೋಡು ಒಂದೇ ಏಟಿಗೆ ಎರಡು ವರ್ಷ ಹತ್ತಿರ ಬಂತು.

ಮನೆಗೆ ಬಂದು ಅವ್ವನ ಮುಂದೆ ನನ್ನ ಸಂಕಟ ತೋಡಿಕೊಂಡೆ. ಅವಳು ಅಕ್ಕಿಯೊಳಗಿನ ನೆಲ್ಲು ಆರಿಸುವುದನ್ನು ನಿಲ್ಲಿಸದೆ, "ಲೇ, ದೇವರ ಮುಂದ ಬಾಯಿ ಬಿಡುವಾಗ ನಿನ್ನ ಅಳತಿ ನೀನು ನೋಡ್ಕೋಬೇಕಿತ್ತು. ನಾನೂ ಕೇಳೀನಿ, ಬಸವಣ್ಣನೂ ಕೇಳ್ಯಾನ" ಎಂದಳು. ಸಾಕ್ಷಿಗಳು ಇಬ್ಬರಾದರು, ಒಬ್ಬರೂ ರಾಜಿಗೆ ಒಪ್ಪುವವರಲ್ಲ.

ಉಳಿದದ್ದು ಒಂದೇ ದಾರಿ. ಗಿರಿಜಾಳ ಕೈಯಲ್ಲಿ ದುಡ್ಡು ಕೂಡದಂತೆ ನೋಡಿಕೊಳ್ಳುವುದು. ದುಡ್ಡು ಕರಗಿಸಲು ಪ್ರವಾಸಕ್ಕಿಂತ ಗೌರವಸ್ಥ ದಾರಿ ಇನ್ನೊಂದಿಲ್ಲ. ಕುಡಿದರೆ ಬೈಯುತ್ತಾರೆ, ಪ್ರವಾಸ ಮಾಡಿದರೆ ಫೋಟೋ ಕೇಳುತ್ತಾರೆ. ನಮ್ಮ ಶಾಲೆಯ ಪಿ.ಟಿ. ಮಾಸ್ತರ ಮೆಹಬೂಬ ಬಾಷಾ ಆ ವರ್ಷ ಸಂಸಾರ ಸಮೇತ ಊಟಿಗೆ ಹೋಗಿ ಬಂದು, ಉಣ್ಣೆಯ ಟೊಪ್ಪಿಗೆಯನ್ನು ಬಳ್ಳಾರಿಯ ಮೇ ತಿಂಗಳಲ್ಲೂ ಹಾಕಿಕೊಂಡು ತಿರುಗುತ್ತಿದ್ದ. ನಾನು ಅವನಿಂದ ಊಟಿಯ ಟೂರಿನವರ ಚೀಟಿ ಇಸಿದುಕೊಂಡು ಬಂದು ಮಗಳೆದುರಿಗೇ ಬಿಚ್ಚಿಟ್ಟೆ. ಮಗಳು ಕುಣಿದಳು. ಗಿರಿಜಾ ಸಿಟ್ಟಾಗಲಿಲ್ಲ. ಅದೇ ಅವಳ ಅಪಾಯಕಾರಿ ಗುಣ.

"ಊಟಿಯಾಗ ಏನೈತ್ರಿ?" ಎಂದಳು.

"ಹಸಿರು ಐತಿ, ನೀರು ಐತಿ, ತಂಪು ಐತಿ" ಎಂದೆ.

"ಹಸಿರು ನಮ್ಮಕ್ಕನ ದೇಶನೂರಾಗ ಊರ ಸುತ್ತ ಐತಿ, ಕಣ್ಣು ನೋಯೂವಷ್ಟು ನೆಲ್ಲಿನ ಗದ್ದಿ. ನೀರು ಕಾಲುವಿಯಾಗ ಐತಿ. ಉಳಿದದ್ದು ತಂಪು. ಡಿಸೆಂಬರಿಗೆ ಹೋಗೂಣು, ಅದೂ ಸಿಗತೈತಿ."

ಡಿಸೆಂಬರಿನಲ್ಲಿ ದೇಶನೂರಿಗೆ ಹೋದೆವು. ಸತ್ಯ ಹೇಳಬೇಕೆಂದರೆ ಮೂರು ದಿನ ಹೇಗೆ ಹೋದವೋ ಗೊತ್ತಾಗಲಿಲ್ಲ. ಸಹನಾ ಟ್ರಾಕ್ಟರಿನ ಮೇಲಿಂದ ಇಳಿಯಲೇ ಒಲ್ಲೆನೆಂದಳು. ನನ್ನ ಷಡ್ಡಕ ಕೆನೆ ಮೊಸರು, ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ ಇಟ್ಟು, ನಾನು ಸಾಕೆಂದಾಗಲೆಲ್ಲ ಅದನ್ನು ಬೇಕು ಎಂದು ಕೇಳಿಸಿಕೊಂಡ. ಹೊರಡುವಾಗ ಅರ್ಧ ಚೀಲ ಸೋನಾ ಅಕ್ಕಿ ಬೇರೆ ಕಟ್ಟಿಕೊಟ್ಟರು. ದುಡ್ಡು ಕರಗಿಸಲು ಹೋದವನು ಅಕ್ಕಿ ಹೊತ್ತುಕೊಂಡು ತಿರುಗಿ ಬಂದೆ.

ಮರುವರ್ಷ ಗೋವಾ ಎಂದೆ. ಮಗಳಿಗೆ ಸಮುದ್ರ ತೋರಿಸಬೇಕು, ಮರಳಿನಲ್ಲಿ ಆಡಬೇಕು ಎಂದು ತಂದೆಯ ವಾತ್ಸಲ್ಯವನ್ನೆಲ್ಲ ದನಿಯಲ್ಲಿ ತುಂಬಿ ವಾದಿಸಿದೆ. ಸಿರುಗುಪ್ಪದ ಹತ್ತಿರ ತುಂಗಭದ್ರೆಯ ದಂಡೆಗೆ ಬುತ್ತಿ ಕಟ್ಟಿಕೊಂಡು ಹೋದೆವು. ಅಲ್ಲಿಯೂ ಮರಳಿತ್ತು. ಸಹನಾ ಬೇಸಿಗೆಯ ಮೊಣಕಾಲುದ್ದ ನೀರಿನಲ್ಲಿ ಮಧ್ಯಾಹ್ನದತನಕ ಬಿದ್ದುಕೊಂಡಿದ್ದಳು. "ಸಮುದ್ರದಾಗ ಉಪ್ಪುನೀರು. ಜಳಕ ಮಾಡಿದ ಮ್ಯಾಲೆ ಮತ್ತ ಜಳಕ ಮಾಡಬೇಕು. ಇಲ್ಲಿ ಒಂದ ಸಲಕ್ಕ ಮುಗೀತು" ಎಂದು ಗಿರಿಜಾ ರೊಟ್ಟಿ ಬಿಚ್ಚಿದಳು. ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ನದಿಯ ಗಾಳಿಗೆ ನಾನು ಆರು ರೊಟ್ಟಿ ತಿಂದೆ, ಮತ್ತು ತಿಂದ ಮೇಲೆ ಗೋವಾದ ಮಾತೆತ್ತಲು ಬಾಯಿ ಬರಲಿಲ್ಲ.

ಹೀಗೆ ನಮ್ಮ ಪ್ರವಾಸಗಳು ನಡೆದವು. ಬೆಳಗಿನ ಜಾವ ಬಳ್ಳಾರಿಯ ಕೋಟೆಗುಡ್ಡ ಹತ್ತುವುದು, ಹಚ್ಚೊಳ್ಳಿಯ ಕಾಲುವೆ, ಸಿರಿಗೇರಿಯಲ್ಲಿ ಅವ್ವನ ತಂಗಿಯ ಮನೆ. ಎಲ್ಲಿಗೆ ಹೋದರೂ ಗಿರಿಜಾ ಒಂದೇ ಒಂದು ಚೈನಿಗೆ ಅಪ್ಪಣೆ ಕೊಟ್ಟಿದ್ದಳು. ತಿರುಗಿ ಬರುವಾಗ ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ವಗ್ಗರಣಿ-ಮಿರ್ಚಿ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ, ಮಂಡಕ್ಕಿಯನ್ನು ನೀರಿಗೆ ಹಾಕಿ ಹಿಂಡಿ ಒಗ್ಗರಣೆ ಕೊಟ್ಟಿರುತ್ತಾರೆ, ಜೊತೆಗೆ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ. ಒಂದು ಪ್ಲೇಟಿಗೆ ಎರಡು ಮಿರ್ಚಿ. ಗಿರಿಜಾ ಬರೀ ವಗ್ಗರಣಿ ತಿಂದು ತನ್ನ ಎರಡು ಮಿರ್ಚಿಯನ್ನು ನನ್ನ ತಟ್ಟೆಗೆ ಹಾಕುತ್ತಿದ್ದಳು. "ನನಗ ಎದಿ ಉರಿ ಆಗತೈತ್ರಿ" ಎನ್ನುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಮೋತಿ ಸರ್ಕಲ್ಲಿನ ಬಂಡಿಯ ಮುಂದೆ ನಿಂತು ನನಗಿಂತ ಹೆಚ್ಚು ಮಿರ್ಚಿ ತಿನ್ನುತ್ತಿದ್ದವಳು ಅವಳು. ವಯಸ್ಸಾದಂತೆ ಹೊಟ್ಟೆ ಸೂಕ್ಷ್ಮವಾಗುವುದು ಸಹಜವೆಂದು ನಾನು ಮರುಗುತ್ತ ನಾಲ್ಕನ್ನೂ ತಿನ್ನುತ್ತಿದ್ದೆ. ಮನೆಯಲ್ಲಿ ಭಾನುವಾರ ಮಾಡಿದಾಗಲೂ ಇದೇ ಏರ್ಪಾಡು. ನಮ್ಮ ದಾಂಪತ್ಯದಲ್ಲಿ ಜಗಳವಿಲ್ಲದೆ ನಡೆದ ಏರ್ಪಾಡುಗಳಲ್ಲಿ ಇದು ಮುಖ್ಯವಾದದ್ದು.

ಅಷ್ಟರಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಆಯಿತು. ನನ್ನ ಯೋಜನೆಗೆ ಬಿದ್ದ ಕೊನೆಯ ಕೊಡಲಿ ಏಟು ಅದು. ಅವ್ವ, ಗಿರಿಜಾ, ಸಹನಾ ಮೂವರಿಗೂ ಸೊನ್ನೆ ರೂಪಾಯಿಯ ಚೀಟಿ. ಪ್ರವಾಸದ ಖರ್ಚು ಎಂದರೆ ನಾನೊಬ್ಬನೇ. ಮೊದಮೊದಲು ಇದನ್ನು ತಮಾಷೆಗೆ ಹೇಳುತ್ತಿದ್ದರು. ಆಮೇಲೆ ಕಂಡಕ್ಟರ ಬಂದಾಗ ಮೂವರೂ ತಿರುಗಿ ನನ್ನನ್ನು ನೋಡುವ ರೀತಿಯಲ್ಲಿ ತಮಾಷೆ ಕಡಿಮೆಯಾಯಿತು. ಒಮ್ಮೆ ಸಿರಿಗೇರಿಗೆ ಹೊರಟಾಗ ಗಿರಿಜಾ ಬಹಳ ಮೃದುವಾಗಿ, "ನಿಮಗ ಸಾಲಿ ಕೆಲಸ ಭಾಳ ಇದ್ರ ಮನಿಯಾಗ ಇರ್ರಿ" ಎಂದಳು. ಸಂಸಾರದ ಯಜಮಾನನಾದ ನಾನು ಸಂಸಾರದ ದುಂದುವೆಚ್ಚವಾಗಿದ್ದೆ.

ಒಂಬತ್ತು ವರ್ಷ. ಇಪ್ಪತ್ತು ವರ್ಷದ ಸಾಲ ಒಂಬತ್ತು ವರ್ಷಕ್ಕೆ ತೀರಿತು. ತೀರಿದ್ದಾದರೂ ಯಾವಾಗ? ಬಳ್ಳಾರಿಯ ಮಾರ್ಚ್ ತಿಂಗಳಲ್ಲಿ. ಬ್ಯಾಂಕಿನ ಮ್ಯಾನೇಜರು ಮನೆಯ ಕಾಗದಗಳ ಲಕೋಟೆಯನ್ನು ಕೈಗಿಟ್ಟು ಅಭಿನಂದನೆ ಹೇಳಿದಾಗ ಗಿರಿಜಾಳ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು. ಮ್ಯಾನೇಜರು ಎರಡನ್ನೂ ಒಂದೇ ಎಂದು ತಿಳಿದರು. ಕಾರ್ತಿಕದಲ್ಲಿ ನಡೆದರಾಗದೇ, ಆಗ ತಂಪಾಗಿರುತ್ತದೆ ಎಂದು ಮನೆಗೆ ಬಂದು ಅವ್ವನನ್ನು ಕೇಳಿದೆ. "ತೀರಿದ ವಾರಾನ ಬರ್ತೀನಿ ಅಂದಾಂವ ನೀನ. ಬ್ಯಾಂಕಿನ ಸಾಲ ಮುಂಚಿತ ಕಟ್ಟಿ, ದೇವರ ಸಾಲ ತಡಾ ಮಾಡ್ತಿ ಏನ್ಲೇ?" ಎಂದಳು. ಮುಂದಿನ ಸೋಮವಾರವೆಂದು ನಿಶ್ಚಯವಾಯಿತು.

ಬಾಷಾ ನನ್ನನ್ನು ತಯಾರು ಮಾಡುವ ಹೊಣೆ ಹೊತ್ತ. ಶಾಲೆಯ ಮೈದಾನದಲ್ಲಿ ಎರಡು ಸುತ್ತು ನಡೆಸಿ, ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳನ್ನು ಬಹಳ ಹೊತ್ತು ನೋಡಿದ. "ಸರ್, ನಿಮ್ಮ ಕಾಲಿನ ತಪ್ಪೇನೂ ಇಲ್ಲ. ಕಾಲು ಚಲೋ ಅದಾವ. ಅವುಗಳ ಮ್ಯಾಲೆ ಕುಂತೈತಲ್ಲ ಹೊಟ್ಟಿ, ಅದರದ್ದು ತಕರಾರು. ಹತ್ತು ಕೆಜಿ ಅಕ್ಕಿ ಚೀಲ ಕಟ್ಕೊಂಡು ನಡದಂಗ ಆಗತೈತಿ ನಿಮಗ" ಎಂದ. ಪಾಪ, ಅರ್ಧ ದಾರಿಯವರೆಗೆ ಜೊತೆಗೆ ಬರುತ್ತೇನೆ, ಆಮೇಲೆ ಪರೀಕ್ಷೆಯ ಡ್ಯೂಟಿ ಇದೆ ಎಂದು ಮಾತು ಕೊಟ್ಟ.

ಸೋಮವಾರ ಬೆಳಗಿನ ನಾಲ್ಕೂವರೆಗೆ ಹೊರಟೆವು. ಮೊದಲ ಒಂದು ಗಂಟೆ ನಾನು ಪುಣ್ಯಾತ್ಮನಂತೆ ನಡೆದೆ. ಎರಡನೆಯ ಗಂಟೆಯಲ್ಲಿ ಮನುಷ್ಯನಂತೆ ನಡೆದೆ. ಆಮೇಲಿನದನ್ನು ನಡಿಗೆ ಎನ್ನಲಾಗದು. ರಸ್ತೆಯ ಪಕ್ಕದ ಹೊಲಗಳಲ್ಲಿ ಒಣಹಾಕಿದ ಕೆಂಪು ಮೆಣಸಿನಕಾಯಿಯ ಘಾಟಿಗೆ ಸೀನು ಬಂದಾಗಲೆಲ್ಲ ನಿಲ್ಲಲು ಒಂದು ನೆಪ ಸಿಗುತ್ತಿತ್ತು. ನಾನು ಬೇಕೆಂದೇ ಹೆಚ್ಚು ಸೀನಿದೆ. ಎಂಟೂವರೆಗೆ ಕೋಳೂರು ಕ್ರಾಸು ಮುಟ್ಟಿ ಬೇವಿನ ಮರದ ಬುಡದಲ್ಲಿ ಕುಸಿದೆ. ಎರಡೂ ಅಂಗಾಲುಗಳಲ್ಲಿ ಬೊಬ್ಬೆ. ಬಾಷಾ ನನ್ನ ಕೈಗೆ ನೀರಿನ ಬಾಟಲಿ ಕೊಟ್ಟು, "ಇನ್ನರ್ಧ ಐತ್ರಿ ಸರ್, ಅಲ್ಲಾನೂ ಬಸವಣ್ಣನೂ ಕೂಡಿ ನಿಮ್ಮನ್ನ ಮುಟ್ಟಸ್ತಾರ" ಎಂದು ಹರಸಿ ಬಳ್ಳಾರಿಯ ಕಡೆಯ ಟಂಟಂ ಆಟೋ ಹತ್ತಿದ. ಟಂಟಂ ಕಣ್ಮರೆಯಾಗುವವರೆಗೆ ನಾನು ಅದನ್ನು ಎಷ್ಟು ಆಸೆಯಿಂದ ನೋಡಿದೆನೆಂದರೆ, ಅಷ್ಟು ಆಸೆಯಿಂದ ಊಟಿಯ ಚೀಟಿಯನ್ನೂ ನೋಡಿರಲಿಲ್ಲ.

ಅದೇ ಹೊತ್ತಿಗೆ ಬಳ್ಳಾರಿಯಿಂದ ಕುರುಗೋಡಿನ ಬಸ್ಸು ಬಂದು ನಿಂತಿತು. ಕಿಟಕಿಯಲ್ಲಿ ಅವ್ವ, ಸಹನಾ, ಗಿರಿಜಾ. "ಅಪ್ಪಾ!" ಎಂದು ಮಗಳು ಕೈ ಬೀಸಿದಳು. ಕಂಡಕ್ಟರ ಬಾಗಿಲಲ್ಲಿ ಬಾಗಿ, "ಬರ್ರಿ ಸರ್, ಸೀಟು ಐತಿ" ಎಂದ. ಆ ಕ್ಷಣದಲ್ಲಿ ನಾನು ಎದ್ದದ್ದು ನಿಜ. ಎರಡು ಹೆಜ್ಜೆ ಬಸ್ಸಿನ ಕಡೆ ಇಟ್ಟದ್ದೂ ನಿಜ. ಉಳಿದ ದಾರಿಯನ್ನು ಕಾರ್ತಿಕದಲ್ಲಿ ನಡೆದು ಮುಗಿಸುತ್ತೇನೆ, ಎರಡು ಕಂತು ಮಾಡಿಕೊಡು ಎಂದು ಬಸವಣ್ಣನಿಗೆ ಮನಸ್ಸಿನಲ್ಲೇ ಅರ್ಜಿ ಬರೆಯುತ್ತಿದ್ದೆ. ಅಷ್ಟರಲ್ಲಿ ಗಿರಿಜಾ ಬಸ್ಸಿನಿಂದ ಇಳಿದಳು.

"ನೀನ್ಯಾಕ ಇಳದಿ?" ಎಂದೆ.

"ನಿಮ್ಮ ಜೋಡಿ ನಡಿತೀನಿ. ಟಿಕೀಟು ಹೆಂಗೂ ಸೊನ್ನಿ, ಇಳದ್ರ ಲುಕ್ಸಾನಿಲ್ಲ" ಎಂದಳು. ಬಸ್ಸು ಹೋಯಿತು.

ನನ್ನ ಚೀಲವನ್ನು ಅವಳು ಹೆಗಲಿಗೆ ಹಾಕಿಕೊಂಡಳು. ಸೆರಗನ್ನು ತಲೆಯ ಮೇಲೆ ಹೊದ್ದು ಜೇಬು ಹೊಲಿಯುವ ಲಯದಲ್ಲೇ ನಡೆದಳು, ಅತ್ತ ಇತ್ತ ನೋಡದೆ, ನಿಲ್ಲದೆ. ನಾನು ಹಿಂದೆ ಕುಂಟುತ್ತ ಹೋದೆ. ಬಿಸಿಲು ಏರಿದಂತೆ ನನ್ನಲ್ಲಿ ಪ್ರಾಮಾಣಿಕತೆಯೂ ಏರಿತು. ಒಂದು ಸೇತುವೆಯ ಕಟ್ಟೆಯ ಮೇಲೆ ಕುಳಿತು ಮಜ್ಜಿಗೆ ಕುಡಿಯುವಾಗ ಬಾಯಿ ಬಿಟ್ಟೆ. ಊಟಿ, ಗೋವಾ ಎಂದೆಲ್ಲ ಕುಣಿದದ್ದು ಮಗಳ ಮೇಲಿನ ಪ್ರೀತಿಯಿಂದಲ್ಲ, ಸಾಲ ಬೇಗ ತೀರಬಾರದೆಂದು, ಈ ನಡಿಗೆ ತಪ್ಪಲಿ ಎಂದು. ಹೇಳಿ ಮುಗಿಸಿ ತಲೆ ತಗ್ಗಿಸಿದೆ.

"ಗೊತ್ತೈತ್ರಿ" ಎಂದಳು.

"ಯಾವಾಗಿಂದ?"

"ಊಟಿ ಚೀಟಿ ತಂದ ದಿನದಿಂದ. ಮನಿ ಮುಂದಿನ ಗುಡ್ಡ ಹತ್ತು ಅಂದ್ರ ಮೊಣಕಾಲು ಹಿಡ್ಕೊಳ್ಳಾಂವ ಊಟಿ ಗುಡ್ಡಕ್ಕ ಯಾಕ ಹೊಂಟಾನ ಅಂತ ಅಂದ್ಕೊಂಡೆ." ಲೋಟ ತೊಳೆದು ಚೀಲಕ್ಕೆ ಹಾಕಿ ಎದ್ದಳು. ಒಂಬತ್ತು ವರ್ಷ ನಾನು ಮಾಡಿದ ಗುಟ್ಟಿನ ರಾಜಕಾರಣ ಅವಳಿಗೆ ಒಂದು ಲೋಟದಷ್ಟೂ ಭಾರವಾಗಿರಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಮಮತೆ ಉಕ್ಕಿತು. ಮಮತೆಯನ್ನು ತೋರಿಸಲು ಚೀಲ ಕೇಳಿದೆ. ಕೊಡಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ಗುಡಿ ಮುಟ್ಟಿದೆವು. ಅವ್ವ, ಸಹನಾ ನೆರಳಿನಲ್ಲಿ ತಂಪಾಗಿ ಕುಳಿತಿದ್ದರು. ನಾನು ಬಸವಣ್ಣನ ಮುಂದೆ ನಿಂತು ಕತ್ತು ಮೇಲೆತ್ತಿದೆ. ಒಂಬತ್ತು ವರ್ಷದ ಹಿಂದೆ ಕುಳಿತಿದ್ದಂತೆಯೇ ಕುಳಿತಿದ್ದ, ಇಪ್ಪತ್ತು ವರ್ಷ ಕಾಯಬೇಕಾಗಿ ಬಂದಿದ್ದರೂ ಹಾಗೆಯೇ ಕುಳಿತಿರುತ್ತಿದ್ದ. ಈ ಸಲ ಏನನ್ನೂ ಬೇಡಿಕೊಳ್ಳಲಿಲ್ಲ. ಬಾಯಿಯ ಮೇಲೆ ಕೈ ಇಟ್ಟುಕೊಂಡೇ ಮಂಗಳಾರತಿ ತೆಗೆದುಕೊಂಡೆ. ಪೂಜಾರಿ ಅದನ್ನು ಭಕ್ತಿ ಎಂದು ತಿಳಿದರು.

ಹೊರಗೆ ಬಂದು ಹೋಟೆಲಿನಲ್ಲಿ ಕುಳಿತೆವು. ಹೋಟೆಲಿನವರು ಬಂದು ಏನು ಬೇಕೆಂದು ಕೇಳುವ ಮೊದಲೇ ಗಿರಿಜಾ, "ನಾಕು ಪ್ಲೇಟು ವಗ್ಗರಣಿ-ಮಿರ್ಚಿ. ನನಗ ಮ್ಯಾಲೆ ಇನ್ನೊಂದು ಪ್ಲೇಟು ಮಿರ್ಚಿ" ಎಂದಳು.

"ನಿನಗ ಎದಿ ಉರಿ ಅಲ್ಲ?" ಎಂದೆ.

ಅವ್ವ ನಕ್ಕಳು. "ಎಲ್ಲೀ ಎದಿ ಉರಿಯೋ ಹುಚ್ಚಪ್ಪ. ನೀ ಹರಕಿ ಹೊತ್ತ ದಿನಾನ ಅಕೀನೂ ಹೊತ್ತಿದ್ಲು. ಸಾಲ ತೀರಿ ಬಸವಣ್ಣನ ಮುಖ ನೋಡೂತನಕ ಮಿರ್ಚಿ ಮುಟ್ಟಂಗಿಲ್ಲ ಅಂತ. ಭಾಳ ಇಷ್ಟದ್ದನ್ನ ಬಿಡಬೇಕಲ್ಲ."

ಹೋಟೆಲಿನ ಸದ್ದೆಲ್ಲ ನನಗೆ ದೂರವಾಯಿತು. ಒಂಬತ್ತು ವರ್ಷದ ಬಸ್‌ಸ್ಟ್ಯಾಂಡುಗಳು, ಒಂಬತ್ತು ವರ್ಷದ ಭಾನುವಾರಗಳು ಕಣ್ಣ ಮುಂದೆ ಬಂದವು. ಪ್ರತಿ ಸಲವೂ ಅವಳ ತಟ್ಟೆಯಿಂದ ನನ್ನ ತಟ್ಟೆಗೆ ಬಂದ ಎರಡೆರಡು ಮಿರ್ಚಿ. ನಾನು ಮರುಗುತ್ತ, ಮರುಗುತ್ತ, ಒಂದನ್ನೂ ಬಿಡದೆ ತಿಂದದ್ದು. ಬಾಷಾ ಹೇಳಿದ ಹತ್ತು ಕೆಜಿಯ ಅಕ್ಕಿ ಚೀಲ ಎಲ್ಲಿಂದ ಬಂತೆಂದು ಈಗ ತಿಳಿಯಿತು. ಅವಳು ಹರಕೆಗೆಂದು ಬಿಟ್ಟ ಮಿರ್ಚಿಯನ್ನೇ ನಾನು ಹೊಟ್ಟೆಗೆ ಕಟ್ಟಿಕೊಂಡು ಬಳ್ಳಾರಿಯಿಂದ ಕುರುಗೋಡಿಗೆ ಹೊತ್ತು ತಂದಿದ್ದೆ. ಕಣ್ಣು ತುಂಬಿ ಬಂತು. ಒಂಬತ್ತು ವರ್ಷ ನಾನೊಬ್ಬನೇ ಹರಕೆ ಹೊತ್ತವನಂತೆ ಗೋಳಾಡಿದೆನಲ್ಲ, ನನ್ನಂಥ ಗಂಡನನ್ನು ಬಸವಣ್ಣ ಇಷ್ಟೇ ಕಿಲೋಮೀಟರ್ ನಡೆಸಿ ಬಿಟ್ಟದ್ದು ದೊಡ್ಡದು. ಇದನ್ನೆಲ್ಲ ಅವಳಿಗೆ ಹೇಳಬೇಕೆಂದು, ಇನ್ನು ಮೇಲೆ ನನ್ನ ಪಾಲಿನ ಮಿರ್ಚಿಯೂ ನಿನ್ನದೇ ಎನ್ನಬೇಕೆಂದು ಗಂಟಲು ಸರಿ ಮಾಡಿಕೊಂಡೆ.

ಅಷ್ಟರಲ್ಲಿ ತಟ್ಟೆಗಳು ಬಂದವು. ಗಿರಿಜಾ ಮೊದಲ ಮಿರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು, ಊದಿ, ಕಣ್ಣು ಮುಚ್ಚಿ ಕಚ್ಚಿದಳು. ಮನೆಯ ಕಾಗದ ಕೈಗೆ ಬಂದ ದಿನವೂ ಅವಳ ಮುಖದಲ್ಲಿ ಅಷ್ಟು ಬೆಳಕು ಇರಲಿಲ್ಲ. ಸಹನಾ ಟಿಕೆಟ್ ಚೀಟಿಗಳನ್ನು ಮೇಜಿನ ಮೇಲೆ ಹರಡಿ, "ಅಪ್ಪಾ, ಬರೂವಾಗ ಯಾರಿಗೂ ಒಂದು ರೂಪಾಯಿ ಖರ್ಚಾಗಿಲ್ಲ. ಇದ ಫಸ್ಟ್ ಟೈಮು!" ಎಂದು ಕೇಕೆ ಹಾಕಿದಳು. ನಾನೂ ನಕ್ಕೆ. ನಗುತ್ತ ನಗುತ್ತ, ನನ್ನ ಪಾಲಿನದು ಖಾಲಿಯಾದದ್ದೇ, ಕಣ್ಣೀರು ಇನ್ನೂ ಆರಿರಲಿಲ್ಲ, ನನ್ನ ಕೈ ಅಭ್ಯಾಸದಂತೆ ಗಿರಿಜಾಳ ತಟ್ಟೆಯ ಕಡೆ ಹೋಯಿತು.

ಅವಳು ಕಣ್ಣು ತೆರೆಯದೆಯೇ ತಟ್ಟೆಯನ್ನು ಆಚೆ ಸರಿಸಿಕೊಂಡಳು.